ಚರ್ಚ್ ಸುಮ್ನಿತ್ತಾ, ತಾನೇ ಒಡೆಯನಾಗಿತ್ತಾ?

ಚರ್ಚ್ ಗುಲಾಮಗಿರಿಯನ್ನು ನೋಡಿಕೊಂಡು ಸುಮ್ನಿತ್ತಾ, ಇಲ್ಲಾ ತಾನೇ ಗುಲಾಮರನ್ನು ಇಟ್ಟುಕೊಂಡಿತ್ತಾ ಅಂತ ಕೇಳಿದ್ದೀರಿ. ಇಟ್ಟುಕೊಂಡಿತ್ತು. ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ಕಾಡ್ರಿಂಗ್ಟನ್ ತೋಟಗಳನ್ನೇ ನೋಡಿ. ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಅನ್ನೋ ಜಮೀನ್ದಾರ 1710ರಲ್ಲಿ ತೀರಿಕೊಂಡಾಗ ತನ್ನ ಎರಡು ಕಬ್ಬಿನ ತೋಟಗಳನ್ನು, ಅಲ್ಲಿ ದುಡಿಯುತ್ತಿದ್ದ ಗುಲಾಮರ ಸಮೇತ, ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಮಿಷನ್ ಸಂಸ್ಥೆಗೆ ಬರೆದಿಟ್ಟಿದ್ದ. ತೋಟದಲ್ಲಿ ಯಾವಾಗಲೂ ಕನಿಷ್ಠ 300 ಗುಲಾಮರು ಇರಬೇಕು ಅಂತ ಉಯಿಲಿನಲ್ಲೇ ಇತ್ತು. ಬಂದ ಹಣದಲ್ಲಿ ಕಾಲೇಜು ಕಟ್ಟಬೇಕಿತ್ತಂತೆ, ಒಳ್ಳೇ ಪುಣ್ಯದ ಕೆಲಸ!

ಆ ಸಂಸ್ಥೆಗೆ ಅಧ್ಯಕ್ಷರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಈ ಚರ್ಚಿನ ಅತಿ ಹಿರಿಯ ಧರ್ಮಗುರು. ಅಂದರೆ ಯಾರೋ ದೂರದ ಪಾದ್ರಿ ಮಾಡಿದ ತಪ್ಪು ಅಂತ ಹೇಳಿ ಜಾರಿಕೊಳ್ಳೋ ಹಾಗಿಲ್ಲ. ಗುಲಾಮರ ಎದೆಗೆ ಕಾಸಿದ ಕಬ್ಬಿಣದಿಂದ 'ಸೊಸೈಟಿ' (ಆ ಸಂಸ್ಥೆಯ ಹೆಸರಿನ ಮೊದಲ ಪದ) ಅಂತ ಬರೆ ಹಾಕುತ್ತಿದ್ದರು, ನಮ್ಮಲ್ಲಿ ದನಕ್ಕೆ ಗುರುತು ಹಾಕಿದ ಹಾಗೆ. ಅದೇ ಜನಕ್ಕೆ ದೀಕ್ಷಾಸ್ನಾನ, ಪ್ರಾರ್ಥನೆ ಪಾಠ. ಮತಾಂತರ ಆದರೂ ಬಿಡುಗಡೆ ಮಾತ್ರ ಇಲ್ಲ.

1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಬಂತು. ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ತೆಗೆದಿಟ್ಟಿತು, ಆದರೆ ಅದು ಮಾಲೀಕರಿಗೆ. ಈ ಮಿಷನ್ ಸಂಸ್ಥೆಗೂ 8,800 ಪೌಂಡ್‌ಗಿಂತ ಜಾಸ್ತಿ ಸಿಕ್ಕಿತು. ದುಡಿದವರಿಗೆ ಒಂದು ಕಾಸೂ ಇಲ್ಲ.

ಈ ಆಂಗ್ಲಿಕನ್ ಚರ್ಚ್, ಅಂದರೆ ಚರ್ಚ್ ಆಫ್ ಇಂಗ್ಲೆಂಡ್, ಕ್ಷಮೆ ಕೇಳಿದ್ದು 2006ರಲ್ಲಿ. ಗುಲಾಮಗಿರಿಯನ್ನು ವಿರೋಧಿಸಿದ ಕ್ರೈಸ್ತರೂ ಇದ್ದರು ಅಂತ ಕೆಲವರು ಹೇಳುತ್ತಾರೆ. ನಿಜ, ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು ಇದ್ದರು, ಗುಲಾಮಗಿರಿ ವಿರುದ್ಧ ಹೋರಾಡಿದ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್ ಇದ್ದರು. ಅಷ್ಟಕ್ಕೇ ತೋಟದ ಲೆಕ್ಕ ಚುಕ್ತಾ ಆಗಲ್ಲ, ಅಲ್ವಾ?