ಓದುಗರ ಪ್ರಶ್ನೆ: ಜಿನೀವಾದ ಪಟ್ಟಿ, ನಮ್ಮೂರಿನ ಹಾಲಿನ ಕ್ಯಾನು

ಹೋದ ಸಂಚಿಕೆಯಲ್ಲಿ ಆಮದು ಸುಂಕದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ರೈತರ ಮನೆಯವು. ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನಮ್ಮಪ್ಪ 1993ರಲ್ಲಿ ಹಸಿರು ಶಾಲು ಹಾಕಿಕೊಂಡು ಡಂಕೆಲ್ ವಿರುದ್ಧ ಬೆಂಗಳೂರಿಗೆ ಹೋಗಿದ್ದರಂತೆ. ಯಾರು ಈ ಡಂಕೆಲ್? (ಶಿವಮೊಗ್ಗ)

ಆರ್ಥರ್ ಡಂಕೆಲ್ ಸ್ವಿಟ್ಜರ್ಲೆಂಡಿನವರು, ಗ್ಯಾಟ್‌ನ ಮಹಾನಿರ್ದೇಶಕರಾಗಿದ್ದವರು. ಗ್ಯಾಟ್ ಅಂದರೆ 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ಮಾಡಿಕೊಂಡ ಸುಂಕದ ಒಪ್ಪಂದ. ಭಾರತ ಆಗಲೇ ಅದರಲ್ಲಿತ್ತು. ತುಂಬಾ ವರ್ಷ ಅಲ್ಲಿ ನಡೆದ ಮಾತೆಲ್ಲ ಹೆಚ್ಚಾಗಿ ಕಾರ್ಖಾನೆ ಸಾಮಾನಿನದು. 1986ರಲ್ಲಿ ಉರುಗ್ವೆಯಲ್ಲಿ ಶುರುವಾದ ಸುತ್ತಿನಲ್ಲಿ ಬೇಸಾಯ, ಪೇಟೆಂಟ್, ಬ್ಯಾಂಕು, ವಿಮೆ ಎಲ್ಲವೂ ಸೇರಿಕೊಂಡವು. ಮಾತುಕತೆ ಮುಗಿಯುವ ಲಕ್ಷಣ ಕಾಣದೆ ಇದ್ದಾಗ 1991ರ ಡಿಸೆಂಬರಿನಲ್ಲಿ ಡಂಕೆಲ್ ಒಂದು ಕರಡು ಮುಂದಿಟ್ಟರು. ಬೀಜದ ಮೇಲೆ ಕಂಪನಿಗಳಿಗೆ ಹಕ್ಕು ಹೋಗುತ್ತದೆ ಅನ್ನುವ ಭಯಕ್ಕೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೀದಿಗಿಳಿಯಿತು. ಕರಡು ಹೆಚ್ಚುಕಡಿಮೆ ಹಾಗೇ ಉಳಿಯಿತು, 1994ರ ಏಪ್ರಿಲ್‌ನಲ್ಲಿ ಮರಾಕೆಶ್‌ನಲ್ಲಿ ಸಹಿ ಬಿತ್ತು, 1995ರ ಜನವರಿ 1ಕ್ಕೆ ಗ್ಯಾಟ್‌ನ ಜಾಗದಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಹುಟ್ಟಿತು. ಹಾಗಂತ ಹೋರಾಟ ಸುಮ್ನೆ ಹೋಗಲಿಲ್ಲ. 2001ರಲ್ಲಿ ಭಾರತ ಮಾಡಿದ ಸಸ್ಯ ತಳಿ ಕಾನೂನಿನಲ್ಲಿ, ರೈತ ತಾನು ಬೆಳೆದ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು ಅಂತ ಬರೆದಿದೆ. ನಿಮ್ಮಪ್ಪನಂಥವರು ಲಾರಿ ಹತ್ತಿ ಬಾರದೆ ಇದ್ದಿದ್ದರೆ ಆ ಸಾಲು ಅಲ್ಲಿ ಇರುತ್ತಿರಲಿಲ್ಲ ಅಂತಲೇ ನಾನು ನಂಬಿದ್ದೇನೆ. ಅವರಿಗೆ ಇದನ್ನು ಓದಿ ಹೇಳಿ.

ಹೊರಗಿನ ಹಾಲಿನ ಪುಡಿ ಬಂದರೆ ಡೇರಿ ರೇಟು ಬೀಳುತ್ತೆ ಅಂತಾರೆ. ಸರ್ಕಾರ ಬೇಕಾದಷ್ಟು ಸುಂಕ ಹಾಕಿ ತಡೆಯಬಹುದಲ್ವಾ? (ಮಂಡ್ಯ)

ಬೇಕಾದಷ್ಟು ಹಾಕಲು ಆಗುವುದಿಲ್ಲ. ಪ್ರತಿ ದೇಶವೂ ಬೇಸಾಯದ ಒಂದೊಂದು ಪದಾರ್ಥಕ್ಕೂ "ಇದಕ್ಕಿಂತ ಮೇಲೆ ಹೋಗಲ್ಲ" ಅಂತ ಜಿನೀವಾಕ್ಕೆ ಕೊಟ್ಟ ತನ್ನ ಪಟ್ಟಿಯಲ್ಲಿ ಒಂದು ಮಿತಿ ಬರೆದುಕೊಟ್ಟಿರುತ್ತದೆ. ಅದಕ್ಕೆ ಬೌಂಡ್ ರೇಟ್ ಅಂತಾರೆ. ಅದರ ಕೆಳಗೆ ಎಷ್ಟು ಬೇಕಾದರೂ ಏರಿಸಿ ಇಳಿಸಿ ಮಾಡಬಹುದು. ದಾಟಿದರೆ ಬೇರೆ ದೇಶದವರು ದೂರು ಕೊಡುತ್ತಾರೆ.

ನಿಮ್ಮ ಹಾಲಿನ ಪುಡಿಯ ಕಥೆ ಕೇಳಿ. 1947ರ ಪಟ್ಟಿಯಲ್ಲಿ ಅದರ ಎದುರು ನಾವು ಬರೆದುಕೊಟ್ಟ ಮಿತಿ ಸೊನ್ನೆ. ಆಗ ದೇಶದಲ್ಲಿ ಹಾಲಿಗೇ ಬರ, ಪುಡಿ ಬಂದರೆ ಸಾಕು ಅನ್ನುವ ಕಾಲ. ಮುಂದೆ ಹಳ್ಳಿಹಳ್ಳಿಗೆ ಸಂಘ ಬಂತು, ಬೆಳಿಗ್ಗೆ ಕ್ಯಾನು ಹಿಡಿದು ಸಾಲು ನಿಲ್ಲುವುದು, ಫ್ಯಾಟ್ ನೋಡಿ ಪುಸ್ತಕದಲ್ಲಿ ಬರೆಸುವುದು ಎಲ್ಲ ಬಂತು, ಆದರೆ ಜಿನೀವಾದ ಪುಸ್ತಕದಲ್ಲಿ ಆ ಸೊನ್ನೆ ಹಾಗೇ ಕೂತಿತ್ತು. ವಿದೇಶಿ ವಿನಿಮಯದ ಕೊರತೆಯ ಕಾರಣ ಕೊಟ್ಟು ಆಮದನ್ನೇ ತಡೆದಿದ್ದೆವು, ಹಾಗಾಗಿ ಸೊನ್ನೆಯಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆ ತಡೆಯ ವಿರುದ್ಧ ಅಮೆರಿಕ 1997ರಲ್ಲಿ ದೂರು ಕೊಟ್ಟಿತು, 1999ರಲ್ಲಿ ನಾವು ಸೋತೆವು, 2001ರ ಏಪ್ರಿಲ್ ಹೊತ್ತಿಗೆ ತಡೆ ಪೂರ್ತಿ ಹೋಯಿತು. ತಡೆ ಹೋದರೆ ಯುರೋಪಿನ ಸಬ್ಸಿಡಿ ಪುಡಿಯ ಎದುರು ಬಾಗಿಲಿಗೆ ಚಿಲಕವೇ ಇರುತ್ತಿರಲಿಲ್ಲ. ಹಾಗಾಗಿ ಹೈನುಗಾರರ ಒತ್ತಡಕ್ಕೆ ಮಣಿದು ಭಾರತ ಅದಕ್ಕೆ ಮೊದಲೇ ಮತ್ತೆ ಮಾತುಕತೆಗೆ ಕೂತು ಮಿತಿಯನ್ನು 60%ಗೆ ಏರಿಸಿಕೊಂಡಿತು. ಅದೂ ಪುಕ್ಕಟೆ ಅಲ್ಲ. ವರ್ಷಕ್ಕೆ 10,000 ಟನ್ ಪುಡಿಯನ್ನು 15% ಸುಂಕಕ್ಕೆ ಬಿಡಬೇಕು, ಬೇರೆ ಪದಾರ್ಥಗಳಲ್ಲೂ ರಿಯಾಯಿತಿ ಕೊಡಬೇಕು. 1947ರಲ್ಲಿ ಬರೆದ ಒಂದು ಸೊನ್ನೆಗೆ ಇಷ್ಟು ಬೆಲೆ ತೆತ್ತಿದ್ದೇವೆ.

ಸೋಯಾ ಎಣ್ಣೆಯಲ್ಲೂ ಹೀಗೇ. ತಾಳೆ ಎಣ್ಣೆಗೆ ಮಿತಿ 300%, ಸೋಯಾಗೆ ಬರೀ 45%.

ನಮ್ಮ ಮೆಣಸಿಗೆ ರೇಟಿಲ್ಲ, ಶ್ರೀಲಂಕಾದಿಂದ ವಿಯೆಟ್ನಾಂ ಮೆಣಸು ಬರುತ್ತಿದೆ ಅಂತಾರೆ. ಇದು ಹೇಗೆ ಸಾಧ್ಯ? (ಸಕಲೇಶಪುರ)

ಮೂಲ ನಿಯಮ ಏನೆಂದರೆ, ಒಂದು ದೇಶಕ್ಕೆ ಕೊಟ್ಟ ಸುಂಕದ ರಿಯಾಯಿತಿಯನ್ನು ಎಲ್ಲ ಸದಸ್ಯರಿಗೂ ಕೊಡಬೇಕು. ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡ ದೇಶಗಳಿಗೆ ಇದರಿಂದ ವಿನಾಯಿತಿ ಉಂಟು. ಶ್ರೀಲಂಕಾದ ಜೊತೆ 1998ರಲ್ಲಿ ಸಹಿ ಹಾಕಿದ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಲಂಕಾದಲ್ಲೇ ಬೆಳೆದ ಮೆಣಸಿಗೆ ಮಾತ್ರ ಆ ಕಡಿಮೆ ಸುಂಕ. ಮೂಲದ ಪ್ರಮಾಣಪತ್ರ ತೋರಿಸಬೇಕು. ಆದರೆ ಒಣಗಿದ ಮೆಣಸಿನ ಮುಖದ ಮೇಲೆ ಊರಿನ ಹೆಸರು ಬರೆದಿರುತ್ತಾ? ನಿಮ್ಮ ಕಣದಲ್ಲಿ ಟಾರ್ಪಾಲಿನ ಮೇಲೆ ಹರಡಿದ ಕಾಳನ್ನು ವ್ಯಾಪಾರಿ ಲೀಟರಿಗೆ ಅಳೆದು ತೂಗುತ್ತಾನೆ, ಭಾರ ನೋಡುತ್ತಾನೆ, ಅಷ್ಟೇ. ವಿಯೆಟ್ನಾಂ ಕಾಳು ಲಂಕಾದ ಪ್ರಮಾಣಪತ್ರ ಹಿಡಿದು ಬಂದರೂ ಬಂದರಿನಲ್ಲಿ ಕಾಗದವನ್ನೇ ನಂಬಬೇಕು. ಬೆಳೆಗಾರರ ಕೂಗಿನ ಮೇಲೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು. ಒಳ್ಳೆಯದೇ, ಆದರೆ ಮೂಲದ ತಪಾಸಣೆ ಬಿಗಿಯಾಗದೆ ಇದೊಂದೇ ಸಾಲದು.

ಕಬ್ಬಿನ ಎಫ್‌ಆರ್‌ಪಿ ವಿರುದ್ಧ ತೀರ್ಪು ಬಂದಿದೆ ಅಂತ ಓದಿದೆ. ಆದರೂ ಏನೂ ಬದಲಾಗಿಲ್ಲವಲ್ಲ? (ಬೆಳಗಾವಿ)

ನಿಜ. ಎಫ್‌ಆರ್‌ಪಿ ಅಂದರೆ ಸಕ್ಕರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ. ಇದರ ಮೇಲೆ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಕೊಟ್ಟಿದ್ದವು. ಕಡ್ಡಾಯ ಬೆಲೆಯ ಮೂಲಕ ಕಬ್ಬಿಗೆ ಕೊಡುವ ಬೆಂಬಲ, ಬೆಳೆದ ಕಬ್ಬಿನ ಒಟ್ಟು ಮೌಲ್ಯದ 10%ರ ಮಿತಿ ದಾಟಿದೆ ಅಂತ 2021ರ ಡಿಸೆಂಬರಿನಲ್ಲಿ ಅದರ ವಿಚಾರಣಾ ಸಮಿತಿ ಹೇಳಿತು. ಭಾರತ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳಲು ಯಾರೂ ಇಲ್ಲ! ಮೇಲ್ಮನವಿ ಪೀಠದಲ್ಲಿ ಏಳು ಮಂದಿ ಇರಬೇಕು, ಒಂದು ಪ್ರಕರಣ ಕೇಳಲು ಕನಿಷ್ಠ ಮೂವರು ಬೇಕು. ಅಮೆರಿಕ ಹೊಸ ನೇಮಕಗಳಿಗೆ ಒಪ್ಪದೆ 2019ರ ಡಿಸೆಂಬರಿನಿಂದ ಆ ಪೀಠವೇ ನಿಂತುಹೋಗಿದೆ, ಮೇಲ್ಮನವಿ ಇತ್ಯರ್ಥವಾಗದೆ ತೀರ್ಪೂ ಜಾರಿಗೆ ಬರುವುದಿಲ್ಲ. ಸದ್ಯಕ್ಕೆ ಇದರಿಂದ ನಮ್ಮ ಕಬ್ಬಿಗೆ ಅನುಕೂಲವಾಗಿರಬಹುದು, ಆದರೆ ನಾಳೆ ನಾವು ದೂರು ಕೊಟ್ಟು ಗೆದ್ದರೂ ಎದುರಿನವರು ಇದೇ ದಾರಿ ಹಿಡಿಯುತ್ತಾರೆ. ಪೀಠ ಬೇಗ ಮತ್ತೆ ಕೂರಬೇಕು ಅಂತಲೇ ನನ್ನ ಆಸೆ.

ಈ ಪಟ್ಟಿಗಳನ್ನು ನಾವು ನೋಡಬಹುದಾ? (ಶಿರಸಿ)

ಖಂಡಿತ ನೋಡಬಹುದು. ವಿಶ್ವ ವಾಣಿಜ್ಯ ಸಂಸ್ಥೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಭಾರತದ್ದು 12ನೇ ಪಟ್ಟಿ. ಹೆಸರಿಗಿಂತ ಸಂಖ್ಯೆ ಹಿಡಿದು ಹುಡುಕಿ, ಸುಲಭ: ಹಾಲಿನ ಪುಡಿ 0402, ಅಡಿಕೆ 0802, ಮೆಣಸು 0904, ಕಚ್ಚಾ ರೇಷ್ಮೆ 5002. ಸಂಖ್ಯೆಯ ಎದುರಿಗೆ ಮಿತಿ ಇರುತ್ತದೆ. ಅಡಿಕೆಯದ್ದನ್ನು ನೋಡಿ ನನಗೆ ಬರೆಯಿರಿ.