ಜಾತ್ರೆಯ ಕಂಪನಿ ಟಿಕೆಟ್‌ನಲ್ಲೇ ನಡೆಯುತ್ತದೆ, ರಂಗಾಯಣಕ್ಕೆ ಯಾಕೆ ಸರ್ಕಾರದ ದುಡ್ಡು?

ಪ್ರಶ್ನೆ: ಬಾದಾಮಿ ಬನಶಂಕರಿ ಜಾತ್ರೆಗೆ ಪ್ರತಿ ವರ್ಷ ನಾಟಕ ಕಂಪನಿಗಳು ಬಂದು ಥೇಟರ್ ಹಾಕುತ್ತವೆ. ಜನ ದುಡ್ಡು ಕೊಟ್ಟು, ಮುಗಿಬಿದ್ದು ನೋಡುತ್ತಾರೆ. ಹಾಗಿರುವಾಗ ಮೈಸೂರಿನ ರಂಗಾಯಣದಂಥ ಸರ್ಕಾರಿ ನಾಟಕ ಸಂಸ್ಥೆಗಳನ್ನು ಸರ್ಕಾರ ಯಾಕೆ ಸಾಕಬೇಕು ಸರ್? ಮುಂದೆಯೂ ಅವು ಉಳಿಯುತ್ತವಾ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ‘ಸಾಕಬೇಕು’ ಅನ್ನುವ ಮಾತು ಸ್ವಲ್ಪ ಚುಚ್ಚಿತು. ಆದರೆ ಕೇಳಿದ್ದು ಸರಿಯಾಗಿಯೇ ಇದೆ. ಬನಶಂಕರಿ ಜಾತ್ರೆಯ ಥೇಟರುಗಳಲ್ಲಿ ನಾನೂ ರಾತ್ರಿ ಕಳೆದಿದ್ದೇನೆ. ಶಿಳ್ಳೆ ಬಿದ್ದ ಕಡೆ ಮಾತು ಉದ್ದವಾಗುತ್ತದೆ, ಜನ ಆಕಳಿಸಿದ ಕಡೆ ಕತ್ತರಿ ಬೀಳುತ್ತದೆ. ಅಲ್ಲಿ ಗಲ್ಲಾಪೆಟ್ಟಿಗೆಯೇ ನಿರ್ದೇಶಕ. ಅದೂ ದೊಡ್ಡ ವಿದ್ಯೆಯೇ. ಆದರೆ ಎಲ್ಲ ನಾಟಕವೂ ಆ ದಾರಿಯಲ್ಲಿ ಹುಟ್ಟುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. ಹದಿನೈದು ಜನ, 45 ದಿನ ತಾಲೀಮು. ಊಟ, ಓಡಾಟ, ಕೂಲಿ ಎಲ್ಲ ಸೇರಿ ತಲೆಗೆ ದಿನಕ್ಕೆ ಬರೀ 500 ರೂಪಾಯಿ ಅಂದರೂ 3,37,500 ಆಯಿತು. 300 ಸೀಟಿನ ಹಾಲ್, ಟಿಕೆಟ್ 100 ರೂಪಾಯಿ. ಹನ್ನೊಂದು ಶೋ ಹೌಸ್‌ಫುಲ್ ಆದರೂ ತಾಲೀಮಿನ ಖರ್ಚೇ ಪೂರ್ತಿ ಹುಟ್ಟುವುದಿಲ್ಲ. ಲೈಟು, ಸೆಟ್ಟು, ಹಾಲ್ ಬಾಡಿಗೆ ಇನ್ನೂ ಬಾಕಿ! ಅದಕ್ಕೇ ಹವ್ಯಾಸಿ ತಂಡಗಳು ಆಫೀಸ್ ಮುಗಿಸಿ ಸಂಜೆ ಏಳಕ್ಕೆ ಸೇರುತ್ತವೆ. ಒಬ್ಬ ಬಂದರೆ ಇನ್ನೊಬ್ಬ ಇರುವುದಿಲ್ಲ.

ಎಲ್ಲರೂ ಒಟ್ಟಿಗೆ ಕೂತು ದಿನವಿಡೀ ತಾಲೀಮು ಮಾಡುವ ಬಿಡುವನ್ನು ಕೊಡುವುದು ಸರ್ಕಾರದ ದುಡ್ಡು. 1989ರಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕ ಬಿ.ವಿ. ಕಾರಂತರು ಯುವಕ ಯುವತಿಯರನ್ನು ಕೂರಿಸಿಕೊಂಡು ಹಾಡು, ಅಭಿನಯ, ದೇಹದ ಪಳಗಿಕೆ ಎಲ್ಲ ಕಲಿಸಿದರು. 2010ರಲ್ಲಿ ಅದೇ ಅಂಗಳದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಾಟಕವಾಯಿತು. ನಿರ್ದೇಶನ ಸಿ. ಬಸವಲಿಂಗಯ್ಯ ಅವರದು. ಸುಮಾರು ಒಂಬತ್ತು ಗಂಟೆ, ಅಂದರೆ ಇಡೀ ರಾತ್ರಿ. ಜನ ಕಂಬಳಿ ಹೊದ್ದು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗಿ ಕೂರುತ್ತಿದ್ದರು. ಯಾವ ಕಂಪನಿ ಮಾಲೀಕರು ಇಂಥದಕ್ಕೆ ಕೈ ಹಾಕುತ್ತಾರೆ, ನೀವೇ ಹೇಳಿ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಸರ್ಕಾರ ಬದಲಾದರೆ ರಂಗಾಯಣದ ನಿರ್ದೇಶಕರೂ ಬದಲಾಗುತ್ತಾರೆ. ನಾಟಕ ಕಟ್ಟಬೇಕಾದ ಜಾಗದಲ್ಲಿ ರಾಜಕೀಯದ ಜಗಳ ಶುರುವಾಗುತ್ತದೆ. ಕಾಯಂ ನೌಕರಿಯಾದರೆ ಕೆಲವರು ಸೋಮಾರಿಯಾಗುತ್ತಾರೆ, ವರ್ಷದ ಒಪ್ಪಂದವಾದರೆ ಕಲಿತವರು ಸೀರಿಯಲ್ಲಿಗೆ ಓಡುತ್ತಾರೆ. ನನಗೆ ಕೇಳಿದರೆ ಐದೈದು ವರ್ಷದ ಒಪ್ಪಂದ ಒಳ್ಳೆಯದು.

ಇನ್ನೊಂದು ಸಂಕಟ ಕಟ್ಟಡದ್ದು. ಒಂದು ಜಿಲ್ಲಾ ಕೇಂದ್ರದ ಹೊಸ ರಂಗಮಂದಿರಕ್ಕೆ ಲೈಟ್ ಹೊತ್ತುಕೊಂಡು ಹೋಗಿದ್ದೆ. ಮೆತ್ತನೆಯ ಕುರ್ಚಿ, ಗೋಡೆಗೆಲ್ಲ ಗ್ರಾನೈಟ್. ಲೈಟ್ ನೇತು ಹಾಕಲು ಮಾತ್ರ ಒಂದು ಪೈಪೂ ಇಲ್ಲ! ಗ್ರೀನ್ ರೂಮಿನ ತುಂಬ ಸನ್ಮಾನದ ಸಿಂಹಾಸನಗಳು. ಕೊನೆಗೆ ಪೆಂಡಾಲಿನವರ ಹತ್ತಿರ ಬೊಂಬು ತಂದು ಕಟ್ಟಿದೆವು.

ನಿಮ್ಮ ಕಂಪನಿ ನಾಟಕವನ್ನೂ ಸರ್ಕಾರ ಪೂರ್ತಿ ಮರೆತಿಲ್ಲ. ಧಾರವಾಡ, ಶಿವಮೊಗ್ಗ, ಕಲಬುರಗಿ ರಂಗಾಯಣಗಳ ಜೊತೆಗೆ ದಾವಣಗೆರೆ ಹತ್ತಿರ ಕೊಂಡಜ್ಜಿಯಲ್ಲಿ ವೃತ್ತಿರಂಗಭೂಮಿಗೇ, ಅಂದರೆ ಕಂಪನಿ ನಾಟಕಕ್ಕೇ, ಒಂದು ರಂಗಾಯಣ ಮಾಡಿದ್ದಾರೆ. ಹಳೆಯ ಕಂಪನಿ ನಟರನ್ನು ಮೇಷ್ಟ್ರಾಗಿ ಕೂರಿಸಿದರೆ ಅದು ನಿಲ್ಲುತ್ತದೆ. ಬೋರ್ಡು, ಆಫೀಸು, ಉದ್ಘಾಟನೆಗೇ ನಿಂತರೆ ಕಷ್ಟ.

ಉಳಿಯುತ್ತವಾ ಅಂದಿರಿ. ಊರೂರು ಸುತ್ತಿದರೆ ಉಳಿಯುತ್ತವೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1985ರಿಂದ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ ನಡೆಸುತ್ತಿದೆ. ಅದು ಸರ್ಕಾರಿ ಸಂಸ್ಥೆಯಲ್ಲ. ಅನುದಾನವೂ ಇದೆ, ಊರಿನವರು ಮಾರುವ ಟಿಕೆಟ್ಟೂ ಇದೆ. ರಂಗಾಯಣಗಳೂ ವರ್ಷಕ್ಕೆ ಇಷ್ಟು ತಾಲ್ಲೂಕು ಅಂತ ಲೆಕ್ಕ ಒಪ್ಪಿಸಬೇಕು. ನಿಮ್ಮ ತೆರಿಗೆ ದುಡ್ಡಿನ ನಾಟಕ ನೋಡಲು ನೀವು ಮೈಸೂರಿಗೆ ಬಸ್ ಹಿಡಿಯಬೇಕು ಅಂದರೆ ಹೇಗೆ? ಧಾರವಾಡ ರಂಗಾಯಣಕ್ಕೆ ಒಂದು ಪತ್ರ ಬರೆಯಿರಿ, ಮುಂದಿನ ಜಾತ್ರೆಗೆ ಕಂಪನಿಗಳ ಪಕ್ಕದಲ್ಲೇ ಒಂದು ಟೆಂಟ್ ಹಾಕಿ ಅಂತ. ಅವರು ಬಂದರೆ ನನಗೂ ತಿಳಿಸಿ, ನಾನೂ ಟಿಕೆಟ್ ತೆಗೆಯುತ್ತೇನೆ.