ಬೀಜಗಣಿತ ತಲೆಗೆ ಹತ್ತದಿರುವುದಕ್ಕೆ ಲಾಕ್‌ಡೌನ್ ಕಾರಣವೇ?

ಮಗಳಿಗೆ ಬೀಜಗಣಿತ ಅರ್ಥವಾಗುತ್ತಿಲ್ಲ, ಲಾಕ್‌ಡೌನಿನಲ್ಲಿ ತಪ್ಪಿದ ಪಾಠಗಳೇ ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ. ನೀವು ವಿವರಿಸಿದ್ದನ್ನು ನೋಡಿದರೆ ತೊಂದರೆಯ ಮೂಲ ಬೀಜಗಣಿತದಲ್ಲಿಲ್ಲ, ಭಾಗಾಕಾರ ಮತ್ತು ಭಿನ್ನರಾಶಿಗಳಲ್ಲಿದೆ; 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಎರಡನೆಯ ತರಗತಿಯಲ್ಲಿದ್ದ ನಿಮ್ಮ ಮಗಳು, ಅವೆರಡನ್ನೂ ಕಲಿಯಬೇಕಾಗಿದ್ದ ಕಾಲವನ್ನು ಅಣ್ಣನೊಡನೆ ಹಂಚಿಕೊಂಡ ಒಂದೇ ಫೋನಿನ ಮುಂದೆ ಕಳೆದಿದ್ದಾಳೆ. ಅವಳು ದಡ್ಡಿಯಲ್ಲ. ಆ ದಿನಗಳಲ್ಲಿ 190ಕ್ಕೂ ಹೆಚ್ಚು ದೇಶಗಳ ಸುಮಾರು 160 ಕೋಟಿ ವಿದ್ಯಾರ್ಥಿಗಳ ಕಲಿಕೆಗೆ ಪೆಟ್ಟು ಬಿದ್ದಿತ್ತು.

ಮೊದಲು ನಾಲ್ಕನೆಯ ತರಗತಿಯ ಪಠ್ಯಪುಸ್ತಕದಿಂದ ಹತ್ತು ಲೆಕ್ಕ ಕೊಟ್ಟು, ತಪ್ಪು ಕಂಡರೂ ನಡುವೆ ತಿದ್ದದೆ, ಅವಳು ಬರೆಯುವುದನ್ನು ಪಕ್ಕದಲ್ಲಿ ಕುಳಿತು ನೋಡಿ. ನನ್ನ ತಂಗಿಯ ಮಗ 612ನ್ನು 6ರಿಂದ ಭಾಗಿಸಿ 12 ಎಂದು ಬರೆಯುತ್ತಿದ್ದ. ನಡುವೆ ಸೊನ್ನೆ ಏಕೆ ಬರುತ್ತದೆಂಬುದನ್ನು, ಕಪ್ಪುಹಲಗೆಯ ಫೋಟೊ ನೋಡಿ ಉತ್ತರ ನಕಲು ಮಾಡುತ್ತಿದ್ದ ಆ ವರ್ಷಗಳಲ್ಲಿ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲಿ ತಡವರಿಸುತ್ತಾಳೋ ಅದಕ್ಕಿಂತ ಒಂದು ತರಗತಿ ಕೆಳಗಿನಿಂದ ಆರಂಭಿಸಿ, ದಿನಕ್ಕೆ ಅರ್ಧ ಗಂಟೆ ಮೀರದಂತೆ, ಒಂದು ವಿಷಯ ಗಟ್ಟಿಯಾದ ಮೇಲಷ್ಟೇ ಮುಂದಿನದಕ್ಕೆ ಹೋಗಿ. ಗಣಿತದ ಶಿಕ್ಷಕರಿಗೆ ಈ ಕೊರತೆಯನ್ನು ಸ್ಪಷ್ಟವಾಗಿ ತಿಳಿಸಿ, ಸ್ವಲ್ಪ ಕಾಲ ಅವಳನ್ನು ಎಲ್ಲರೆದುರು ಲೆಕ್ಕ ಬಿಡಿಸಲು ಕರೆಯದಂತೆ ಕೋರಿಕೊಳ್ಳಿ. ಇದು ಚಿಕ್ಕ ಸಂಗತಿಯೆನಿಸಬಹುದು, ಆದರೆ ನಾಚಿಕೆ ತಗ್ಗಿದ ಮೇಲೆಯೇ ನಮ್ಮ ಹುಡುಗ ಪ್ರಶ್ನೆ ಕೇಳತೊಡಗಿದ್ದು.

ಅವನಿಗೆ ಐದು ತಿಂಗಳು ಹಿಡಿಯಿತು. ನಿಮ್ಮ ಮಗಳಿಗೆ ಎಷ್ಟು ಬೇಕೆಂದು ಹೇಳಲಾರೆ. ಎರಡು ಮೂರು ತಿಂಗಳ ನಿಯಮಿತ ಅಭ್ಯಾಸದ ನಂತರವೂ ಅಂಕಿಗಳನ್ನು ಅದಲುಬದಲು ಮಾಡುತ್ತಿದ್ದರೆ ಕಾರಣ ಬೇರೆಯೇ ಇರಬಹುದು; ಆಗ ಮೊದಲು ಕಣ್ಣಿನ ಪರೀಕ್ಷೆಯನ್ನೂ ಬಳಿಕ ಕಲಿಕಾ ನ್ಯೂನತೆಯ ತಪಾಸಣೆಯನ್ನೂ ಮಾಡಿಸಿ.